ಅಕ್ಕನ ಹೆಸರು ಮೂರೂರು ತಿರುಗಿದ ಭಾನುವಾರ

"ಲೋ ರುದ್ರ, ನಂಗೆ ಕ್ಯಾನ್ಸರ್ ಅಂತೆ ಕಣೋ. ನಿಂಗೆ ಗೊತ್ತಿತ್ತಾ?"

ಭಾನುವಾರ ಮಧ್ಯಾಹ್ನ ಮೂರು ಮುಕ್ಕಾಲು. ಊಟ ಮಾಡಿ ಚಾಪೆಯ ಮೇಲೆ ಅಡ್ಡಾಗಿದ್ದೆ. ಅಜ್ಜಂಪುರದಿಂದ ಅಕ್ಕನ ಫೋನು. ಹಲೋ ಇಲ್ಲ, ಊಟ ಆಯ್ತೇನೋ ಇಲ್ಲ, ನೇರವಾಗಿ ಈ ಮಾತು.

ನಾನು ಏನು ಹೇಳಿದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. "ಯಾರು ಹೇಳಿದ್ದು?" ಅಂದೆ.

ಗಮನಿಸಿ, "ಇಲ್ಲ" ಅನ್ನಲಿಲ್ಲ. "ಏನು ಮಾತಾಡ್ತಿದೀಯ" ಅನ್ನಲಿಲ್ಲ. ಕಳ್ಳ ಸಿಕ್ಕಿಬಿದ್ದಾಗ ಮೊದಲು ಕೇಳುವುದು, ದೂರು ಕೊಟ್ಟವರು ಯಾರು ಎಂದು ತಾನೇ?

"ಹಂಗಾದ್ರೆ ಗೊತ್ತಿತ್ತು," ಅಂದಳು. ಫೋನ್ ಇಟ್ಟಳು.

ಈ ಅಂಕಣವನ್ನು ಓದುತ್ತ ಬಂದವರಿಗೆ ಸರ್ವಮಂಗಳಕ್ಕ ಹೊಸಬಳಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಅಜ್ಜಂಪುರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಭಾವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಮಗ ಮಂಜುನಾಥ ಅದೇ ಊರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನಾನು ಬೀರೂರಿನಲ್ಲಿ, ಹೈಸ್ಕೂಲಿನ ಕನ್ನಡ ಮೇಷ್ಟ್ರಾಗಿ ಅವಧಿಗೆ ಮುಂಚೆಯೇ ನಿವೃತ್ತನಾಗಿ, ಇಂಥ ಬರಹಗಳನ್ನು ಬರೆದುಕೊಂಡಿದ್ದೇನೆ.

ಆ ಭಾನುವಾರಕ್ಕೆ ಇಪ್ಪತ್ತೆರಡು ದಿನ ಮುಂಚೆ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಮಂಜನನ್ನೂ ನನ್ನನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಅಕ್ಕ ಹೊರಗೆ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು. ಎದೆಯಲ್ಲಿದ್ದ ಗಂಟು ಒಳ್ಳೆಯದಲ್ಲ, ಹದಿನೈದು ಇಪ್ಪತ್ತು ದಿನದೊಳಗೆ ಆಪರೇಷನ್ ಆಗಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ನಾವಿಬ್ಬರೂ ಹೊರಗೆ ಬಂದೆವು. ಅಕ್ಕ ಎದ್ದು ನಿಂತಳು.

"ಏನಂತೆ?"

"ಕೊಬ್ಬಿನ ಗಂಟಂತೆ ಕಣಮ್ಮ. ತೆಗೆಸ್ಬಿಟ್ರೆ ಆಯ್ತು," ಅಂದ ಮಂಜ. ನಾನು ಹೌದು ಎಂಬಂತೆ ತಲೆಯಾಡಿಸಿದೆ.

ಅವನನ್ನು ಬೈಯುವಂತಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅವನ ಅಪ್ಪನಿಗೆ ಕಾಯಿಲೆ ಬಂದಾಗ ಅವರಿಗೇ ಹೇಳಿದ್ದೆವು, ಇದ್ದದ್ದು ಇದ್ದ ಹಾಗೆ. ಭಾವ ಮಾರನೆಯ ದಿನದಿಂದ ತಟ್ಟೆ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದವರು ಎರಡು ತಿಂಗಳಿಗೆ ಹೋದರು. ಕಾಯಿಲೆಗಿಂತ ಮುಂಚೆ ಆ ಮಾತೇ ಅವರನ್ನು ಕೊಂದಿತು ಎಂದು ಮಂಜ ಇವತ್ತಿಗೂ ನಂಬಿದ್ದಾನೆ. ರಿಪೋರ್ಟನ್ನು ಅಂಗಡಿಗೆ ಒಯ್ದು, ತಾಮ್ರದ ತಂತಿಯ ಸುರುಳಿಗಳನ್ನಿಡುವ ಡ್ರಾದಲ್ಲಿ ಹಾಕಿ ಬೀಗ ಹಾಕಿದ.

ಆದರೆ ನಮ್ಮ ಸುಳ್ಳಿಗೆ ನಾವು ಲೆಕ್ಕಕ್ಕಿಟ್ಟುಕೊಳ್ಳದ ಒಂದು ಬಾಲವಿತ್ತು. ಅಕ್ಕ ಆ ಸುಳ್ಳನ್ನು ನಂಬಿದಳು.

"ಕೊಬ್ಬಿನ ಗಂಟಿಗೆ ಯಾರಾದ್ರೂ ಕುಯ್ಸ್ಕೊತಾರೇನೋ?" ಅಂದಳು. "ನೂರಿಪ್ಪತ್ತು ಮಕ್ಳು ಇದಾವೆ. ಪರೀಕ್ಷೆ ಮುಗೀಲಿ. ಬೇಸಿಗೆ ರಜದಲ್ಲಿ ನೋಡಾಣ."

ಅದು ಸಂಕ್ರಾಂತಿ ಕಳೆದ ವಾರ. ಬೇಸಿಗೆ ರಜಕ್ಕೆ ಇನ್ನೂ ಎರಡೂವರೆ ತಿಂಗಳು. ನಾವು ದಿನಕ್ಕೊಂದು ನೆಪ ಹೇಳಿದೆವು. ಡಾಕ್ಟರು ಊರಿಗೆ ಹೋಗ್ತಾರಂತೆ, ಆಮೇಲೆ ಬೆಡ್ ಸಿಗಲ್ವಂತೆ. ಅವಳು ಜಗ್ಗಲಿಲ್ಲ. ಜಗ್ಗಬೇಕಾದರೆ ಅವಳಿಗೆ ಕಾರಣ ಗೊತ್ತಿರಬೇಕಿತ್ತು. ಆ ಕಾರಣ ಡ್ರಾದಲ್ಲಿತ್ತು. ಡಾಕ್ಟರು ಕೊಟ್ಟ ದಿನಗಳು ಹೀಗೇ ಒಂದೊಂದಾಗಿ ಕಳೆದವು.

ಇನ್ನು ಅಯ್ಯನವರ ವಿಷಯಕ್ಕೆ ಬರುತ್ತೇನೆ.

(ನಮ್ಮ ಮನೆಗಳಲ್ಲಿ ಅಯ್ಯನವರು ಎಂದರೆ ವಿಭೂತಿ ಧರಿಸಿ ಮನೆಗೆ ಬಂದು ಪೂಜೆ ಮಾಡಿಸುವ ಜಂಗಮರು. ನಾನು ಹೇಳುತ್ತಿರುವುದು ಬಿಳಿ ಅಂಗಿಯ, ಕೊರಳಲ್ಲಿ ಶಿಲುಬೆಯ ಅಯ್ಯನವರ ವಿಷಯ. ಚರ್ಚಿನವರೂ ತಮ್ಮ ಪಾಸ್ಟರನ್ನು ಹಾಗೆಯೇ ಕರೆಯುತ್ತಾರೆಂದು ಗೊತ್ತಾದ ದಿನ ನನಗೆ ಯಾಕೋ ಖುಷಿಯಾಗಿತ್ತು.)

ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಚಿಕ್ಕ ಲೂಥರನ್ ಚರ್ಚ್ ಇದೆ. ಹಿಂದೆ ರೈಲ್ವೆ ಕೆಲಸಕ್ಕೆಂದು ಬೇರೆ ಬೇರೆ ಸೀಮೆಗಳಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸೇರುತ್ತಾರೆ. ಮನೆಯಲ್ಲಿ ತೆಲುಗು, ತಮಿಳು, ಚರ್ಚಿನಲ್ಲಿ ಕನ್ನಡ. ಮೂರು ವರ್ಷದ ಹಿಂದೆ ರತ್ನಾಕರ್ ಎಂಬ ಹೊಸ ಅಯ್ಯನವರು ಬಂದರು. ವಯಸ್ಸು ಮೂವತ್ತೈದರ ಆಸುಪಾಸು, ಮಾತೃಭಾಷೆ ತೆಲುಗು. ಬಂದ ತಿಂಗಳೊಪ್ಪತ್ತಿನಲ್ಲೇ ಒಂದು ಶನಿವಾರ ನಮ್ಮ ಮನೆಯ ಬಾಗಿಲು ತಟ್ಟಿದರು.

"ಸರ್, ನನ್ನ ಪ್ರಸಂಗ, ಭಾನುವಾರ ಚರ್ಚಲ್ಲಿ ಮಾಡೋ ಉಪದೇಶ, ಸ್ವಲ್ಪ ತಿದ್ದಿಕೊಡ್ತೀರಾ? ನನ್ನ ಕನ್ನಡ ಕೇಳಿ ಮಕ್ಕಳು ನಗ್ತಾರೆ."

ಅಂದಿನಿಂದ ಪ್ರತಿ ಶನಿವಾರ ಸಂಜೆ ನಾಲ್ಕು ಪುಟದ ಪ್ರಸಂಗ, ನನ್ನ ಕೆಂಪು ಪೆನ್ನು, ಎರಡು ಲೋಟ ಟೀ. ಬೋಧನೆ ಅವರದು, ವಿಭಕ್ತಿ ಪ್ರತ್ಯಯ ನನ್ನದು. ತಿದ್ದಿದ್ದನ್ನು ಜನರ ಬಾಯಲ್ಲಿ ಕೇಳಬೇಕೆನ್ನುವುದು ಮೇಷ್ಟ್ರುಗಳ ಚಪಲ. ಹಾಗಾಗಿ ತಿಂಗಳಿಗೊಮ್ಮೆ ನಾನೂ ಹೋಗಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದೆ.

ಮೊದಲ ದಿನ ಅವರು ನನ್ನನ್ನು ಎದ್ದು ನಿಲ್ಲಿಸಿ ಹೆಸರು ಕೇಳಿದರು. ಹೊಸಬರು ಯಾರೇ ಬಂದರೂ ಅಲ್ಲಿನ ಪದ್ಧತಿ ಅದು. ಹೆಸರು ಹೇಳಿದೆ. ಇಡೀ ಸಭೆ ತಿರುಗಿ "ಸ್ವಾಗತ" ಅಂದಿತು. ಆರಾಧನೆಯ ನಡುವೆ ಒಂದು ಹೊತ್ತಿಗೆ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕೈಕೊಟ್ಟು "ಸಮಾಧಾನ" ಎನ್ನುತ್ತಾರೆ. ನನಗೂ ಕೊಟ್ಟರು. ಒಬ್ಬ ಮುದುಕಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಡುವುದನ್ನೇ ಮರೆತಳು. ಮೂರು ವರ್ಷದಲ್ಲಿ ಒಬ್ಬರೂ ನನ್ನ ಹಣೆಯ ವಿಭೂತಿಯ ಬಗ್ಗೆ ಕೇಳಿಲ್ಲ. (ಕೇಳಿದ್ದು ನಮ್ಮ ಬೀದಿಯವರು. "ಏನ್ ಮೇಷ್ಟ್ರೇ, ಆ ಕಡೆ ಹೋದ್ರಂತೆ?")

ಅವರ ಆರಾಧನೆಯಲ್ಲಿ ನನಗೆ ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಕಾಯಿಲೆಯವರ ಪ್ರಾರ್ಥನೆ. ಅಯ್ಯನವರು ಒಂದು ನೋಟ್‌ಬುಕ್ ತೆಗೆದು ಹೆಸರುಗಳನ್ನು ಜೋರಾಗಿ ಓದುತ್ತಾರೆ. ಹೆಸರು, ಊರು, ಏನು ಕಷ್ಟ. ಪ್ರತಿ ಹೆಸರಿನ ಕೊನೆಗೆ ಸಭೆಯೆಲ್ಲ ಒಂದೇ ದನಿಯಲ್ಲಿ, "ಕರ್ತನೇ, ಕರುಣಿಸು." ಮಂಡಿನೋವು, ಮಗಳ ಹೆರಿಗೆ, ಗಂಡನ ಕುಡಿತ, ಎಲ್ಲವೂ ಅಲ್ಲಿ ಬಯಲಾಗುತ್ತಿತ್ತು. ಯಾರದೋ ಪೈಲ್ಸ್ ಕೂಡ. ಆ ಮನುಷ್ಯ ನನ್ನ ಪಕ್ಕದಲ್ಲೇ ಕೂತು, ತನಗಾಗಿ ತಾನೇ "ಕರುಣಿಸು" ಎಂದು ಎಲ್ಲರಿಗಿಂತ ಜೋರಾಗಿ ಹೇಳಿದ್ದ. ನನಗೆ ನಗು ತಡೆಯುವುದೇ ಕಷ್ಟವಾಗಿತ್ತು.

ನಮ್ಮ ಮನೆಯಲ್ಲಿ ಬೇಡಿಕೊಳ್ಳುವುದೆಂದರೆ ಅಂಗೈಯಲ್ಲಿ ಲಿಂಗ, ಮುಚ್ಚಿದ ಕಣ್ಣು, ಅಲ್ಲಾಡುವ ತುಟಿ. ಅಪ್ಪ ಐವತ್ತು ವರ್ಷ ಏನು ಬೇಡಿಕೊಂಡರೋ ಅಮ್ಮನಿಗೇ ಗೊತ್ತಿರಲಿಲ್ಲ.

ಅಕ್ಕನ ಫೋನು ಬರುವ ಹಿಂದಿನ ದಿನ, ಶನಿವಾರ, ಅಯ್ಯನವರು ಬಂದಾಗ ನಾನು ಪ್ರಸಂಗವನ್ನು ಕೈಗೆ ತೆಗೆದುಕೊಂಡು ಒಂದು ತಪ್ಪನ್ನೂ ತಿದ್ದದೆ ವಾಪಸು ಕೊಟ್ಟೆ. ಅವರು ಪುಟ ತಿರುವಿ ನೋಡಿದರು.

"ಒಂದೂ ತಪ್ಪಿಲ್ವಾ ಸರ್? ಅದು ಸಾಧ್ಯವಿಲ್ಲ. ಏನಾಯ್ತು?"

ಯಾರಾದರೂ ಹಾಗೆ ಕೇಳಲಿ ಎಂದು ಮೂರು ವಾರದಿಂದ ಕಾಯುತ್ತಿದ್ದೆನೇನೋ. ಹೇಳಿಬಿಟ್ಟೆ. ಅಕ್ಕ, ಗಂಟು, ಡಾಕ್ಟರು ಕೊಟ್ಟ ದಿನಗಳು, ಬೇಸಿಗೆ ರಜ. ಎಲ್ಲ ಹೇಳಿದೆ. ಒಂದನ್ನು ಬಿಟ್ಟೆ. ಅವಳಿಗೇ ಗೊತ್ತಿಲ್ಲ ಎಂಬುದನ್ನು ಹೇಳಲಿಲ್ಲ. ಮುಚ್ಚಿಡಬೇಕೆಂದು ಬಿಟ್ಟದ್ದಲ್ಲ. ನಮ್ಮ ಕಡೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಕಾಯಿಲೆಯವರಿಗೆ ಹೇಳಿರುವುದಿಲ್ಲ, ಅಷ್ಟೆ. ಅನ್ನಕ್ಕೆ ನೀರು ಹಾಕಿದ್ದೇವೆ ಎಂದು ಯಾರಾದರೂ ಬಿಡಿಸಿ ಹೇಳುತ್ತಾರೆಯೇ?

"ಪ್ರಾರ್ಥನೆ ಮಾಡ್ಲಾ ಸರ್?"

"ಮಾಡಿ," ಅಂದೆ.

ಜೇಬಿನಿಂದ ನೋಟ್‌ಬುಕ್ ತೆಗೆದರು. ಪೆನ್ನು ಇರಲಿಲ್ಲ. ಮೇಜಿನ ಮೇಲಿದ್ದ ನನ್ನ ಕೆಂಪು ಪೆನ್ನು ತೆಗೆದುಕೊಂಡರು. ಹೆಸರು ಕೇಳಿದರು, ಹೇಳಿದೆ. ಊರು ಕೇಳಿದರು, ಹೇಳಿದೆ. ಏನು ಕೆಲಸ, ಏನು ಕಾಯಿಲೆ, ಎಲ್ಲಕ್ಕೂ ಉತ್ತರ ಕೊಟ್ಟೆ. ಅವರು "ಸರ್ವಮಂಗಲ" ಎಂದು ಬರೆದದ್ದು ಕಂಡಿತು. ಪೆನ್ನು ಇಸಿದುಕೊಂಡು ಲ ತೆಗೆದು ಳ ಮಾಡಿದೆ.

ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಚರ್ಚಿಗೂ ಹೋದೆ. ಇದನ್ನು ಮುಚ್ಚಿಡಬಾರದು. ಬಲಿಪೀಠದ ಮೇಲೆ ಹಸಿರು ಬಟ್ಟೆ, ಎರಡು ಮೋಂಬತ್ತಿ. ನೋಟ್‌ಬುಕ್ ಹೊರಗೆ ಬಂತು. ನಾಲ್ಕನೆಯದು ಅಕ್ಕನ ಹೆಸರು. "ಅಜ್ಜಂಪುರದ ಸರ್ವಮಂಗಳ, ಶಾಲೆಯ ಮಕ್ಕಳಿಗೆ ಅಡುಗೆ ಮಾಡುವವರು, ಕ್ಯಾನ್ಸರ್ ಕಾಯಿಲೆಯಲ್ಲಿದ್ದಾರೆ." ನಲವತ್ತು ಜನ, ಅಕ್ಕನನ್ನು ಎಂದೂ ನೋಡದವರು, ಅವಳಿಗಾಗಿ "ಕರ್ತನೇ, ಕರುಣಿಸು" ಎಂದರು. ಮೊದಲು ಬೆಚ್ಚಿ ಅಕ್ಕಪಕ್ಕ ನೋಡಿದೆ. ಜೋರಾಗಿ ಓದುತ್ತಾರೆಂದು ಗೊತ್ತಿದ್ದರೂ, ನಮ್ಮವರ ಹೆಸರು ಅಲ್ಲಿ ಹೀಗೆ ಕೇಳಿಸುತ್ತದೆಂದು ಯೋಚಿಸಿರಲಿಲ್ಲ. ಆಮೇಲೆ ಕಣ್ಣು ತುಂಬಿತು. ಮೂರು ವಾರದಲ್ಲಿ ಆ ಪದವನ್ನು ಯಾರೂ ನನ್ನೆದುರು ಜೋರಾಗಿ ಹೇಳಿರಲಿಲ್ಲ. ಕೇಳಿ ಹಗುರವಾಯಿತು. ಇಲ್ಲಿ ಅವಳ ಪರಿಚಯದವರು ಯಾರಿದ್ದಾರೆ ಬಿಡು, ಅಂದುಕೊಂಡೆ. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ.

ಅಯ್ಯನವರು ಮಲಗಲಿಲ್ಲ. ಅವರದು ಒಂದು ಸಭೆಯಲ್ಲ, ಮೂರು. ಬೀರೂರು ಮುಗಿಸಿ ಬೈಕಿನಲ್ಲಿ ತರೀಕೆರೆಗೆ ಹೋಗಿ, ಬಸ್‌ಸ್ಟ್ಯಾಂಡ್ ರಸ್ತೆಯ ಒಂದು ಬಾಡಿಗೆ ಮಹಡಿಯಲ್ಲಿ ಹನ್ನೊಂದಕ್ಕೆ ಆರಾಧನೆ. ಅಲ್ಲಿಂದ ಅಜ್ಜಂಪುರ. ಒಂದು ಮನೆಯ ಹಾಲಿನಲ್ಲಿ ಎರಡು ಗಂಟೆಗೆ ಹದಿನೈದು ಜನ. ಒಂದು ಊರಿನ ಕಾಯಿಲೆಯವರಿಗಾಗಿ ಮೂರೂ ಊರಿನವರು ಪ್ರಾರ್ಥಿಸಬೇಕು ಎಂಬುದು ಅವರೇ ಮಾಡಿಕೊಂಡ ಪದ್ಧತಿ. ಮೂರೂ ಕಡೆ ಒಂದೇ ನೋಟ್‌ಬುಕ್.

ಇದೆಲ್ಲ ನನಗೆ ಗೊತ್ತಿತ್ತು. ಎಷ್ಟೋ ಸಲ ಅವರೇ ಹೇಳಿದ್ದರು. ಮೂವತ್ತು ವರ್ಷ ಪಾಠ ಮಾಡಿದವನಿಗೆ, ಅಕ್ಕನ ಊರೂ ಅಜ್ಜಂಪುರ, ಅಯ್ಯನವರ ಮೂರನೇ ಸಭೆಯೂ ಅಜ್ಜಂಪುರ ಎಂಬುದು ಯಾಕೆ ಹೊಳೆಯಲಿಲ್ಲ?

ಅಜ್ಜಂಪುರದ ಆ ಹದಿನೈದು ಜನರಲ್ಲಿ ಸುಗುಣ ಒಬ್ಬಳು. ಅಕ್ಕನ ಜೊತೆ ಅದೇ ಶಾಲೆಯಲ್ಲಿ ಅಡುಗೆಗೆ ಸಹಾಯ ಮಾಡುವವಳು. ಎಂಟು ವರ್ಷದಿಂದ ಇಬ್ಬರೂ ಒಂದೇ ಒಲೆಯ ಮುಂದೆ. ಆರಾಧನೆ ಮುಗಿಯುವುದನ್ನೂ ಕಾಯದೆ ಎದ್ದಳಂತೆ. ಸೀದಾ ಅಕ್ಕನ ಮನೆಗೆ ಬಂದು, ಅವಳನ್ನು ತಬ್ಬಿಕೊಂಡು, "ಹೆದ್ರಬೇಡ ಮಂಗಳಕ್ಕ, ನಾವೆಲ್ಲ ಪ್ರಾರ್ಥನೆ ಮಾಡಿದೀವಿ" ಅಂದಳಂತೆ. "ಎಂತದಕ್ಕೆ?" ಅಂತ ಅಕ್ಕ ಕೇಳಿದಳಂತೆ.

ನಾನು ಬಸ್ಸು ಹಿಡಿದು ಅಜ್ಜಂಪುರ ಮುಟ್ಟಿದಾಗ ಐದು ಗಂಟೆ. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ನಡುಮನೆಯಲ್ಲಿ ಅಕ್ಕ ಸೋಮವಾರದ ಸಾಂಬಾರಿಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಒಂದು ಬುಟ್ಟಿ ಬೆಳ್ಳುಳ್ಳಿ. ಎದುರಿಗೆ ಸುಗುಣ, ಅತ್ತು ಮುಖ ಊದಿಸಿಕೊಂಡು, ಅವಳೂ ಸುಲಿಯುತ್ತಿದ್ದಳು. ಮಂಜ ಬಾಗಿಲಿಗೆ ಅಡ್ಡ ನಿಂತಿದ್ದ.

"ಮಾವ, ಈ ಚರ್ಚಿನೋರಿಗೆ ಯಾರು ಹೇಳಿದ್ದು? ಕಾಯಿಲೆ ಅಂದ್ರೆ ಸಾಕು, ಓಡ್ಬತ್ತಾರೆ."

"ಗೊತ್ತಿದ್ದೂ ನೀನು ಓಡ್ಬರ್ಲಿಲ್ವಲ್ಲೋ," ಅಂದಳು ಅಕ್ಕ. ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ.

ಸುಗುಣ ನನ್ನ ಕಡೆ ತಿರುಗಿದಳು. "ನಂಗೆ ಗೊತ್ತಿರ್ಲಿಲ್ಲ ಮೇಷ್ಟ್ರೇ. ಮಂಗಳಕ್ಕಂಗೆ ಗೊತ್ತಿರುತ್ತೆ ಅನ್ಕಂಡೆ. ನಮ್ಮಲ್ಲಿ ಕಾಯಿಲೆ ಆದೋರೇ ಹೋಗಿ ಹೆಸ್ರು ಬರ್ಸೋದು. ಆದೋರಿಗೆ ಗೊತ್ತಿಲ್ದೆ ಪಕ್ಕದೋರಿಗೆ ಗೊತ್ತಿರುತ್ತೆ ಅಂತ ನಾನೆಲ್ ಕಂಡೆ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

"ರಿಪೋರ್ಟ್ ಎಲ್ಲಿ?" ಅಂದಳು ಅಕ್ಕ.

ಮಂಜ ಅಲುಗಲಿಲ್ಲ. ಅವಳು ಮತ್ತೊಮ್ಮೆ ಕೇಳಿದಳು, ಅದೇ ದನಿಯಲ್ಲಿ. ಅವನು ಅಂಗಡಿಗೆ ಹೋಗಿ ತಂದ. ಕವರಿನ ಮೇಲೆ ವಾರ್ನಿಷಿನ ಕಲೆಯಾಗಿತ್ತು. ಅಕ್ಕ ಕೈ ಒರೆಸಿಕೊಂಡು ಕವರನ್ನು ನನ್ನ ಮುಂದೆ ಇಟ್ಟಳು.

"ನೀನು ಮೇಷ್ಟ್ರು. ಓದು. ಒಂದ್ ಗೆರೆನೂ ಬಿಡ್ಬೇಡ."

ನಾನು ಓದಿದೆ. ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದೆ. ಗಂಟಿನ ಅಳತೆ, ಯಾವ ಕಡೆ, ಎಷ್ಟು ಆಳ, ಕಂಕುಳಲ್ಲಿ ಏನು ಕಂಡಿತು. ಗೊತ್ತಿಲ್ಲದ ಪದ ಬಂದಾಗ ಗೊತ್ತಿಲ್ಲ ಎಂದೆ. ಮೂವತ್ತು ವರ್ಷದಲ್ಲಿ ನೂರಾರು ಪಾಠ ಓದಿದ್ದೇನೆ. ಇಷ್ಟು ನಿಧಾನವಾಗಿ ಯಾವುದನ್ನೂ ಓದಿರಲಿಲ್ಲ. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳು ಒಂದು ಬೆಳ್ಳುಳ್ಳಿ ಎಸಳನ್ನು ಉಜ್ಜುತ್ತಲೇ ಇತ್ತು. ಸಿಪ್ಪೆ ಹೋಗಿ ಎಷ್ಟೋ ಹೊತ್ತಾಗಿತ್ತು.

"ಯಾವತ್ತು ಹೇಳಿದ್ರು?"

"ಇಪ್ಪತ್ತೆರಡು ದಿನ ಆಯ್ತು."

ಅವಳು ಸುಗುಣನ ಕಡೆ ತಿರುಗಿ ಮಂಜನನ್ನು ತೋರಿಸಿದಳು. "ಅದುಕ್ಕೇ. ಮೂರು ವಾರದಿಂದ ಸಾರಿಗೆ ಉಪ್ಪು ಕಮ್ಮಿ ಅನ್ಲಿಲ್ಲ, ಮುದ್ದೆ ಗಟ್ಟಿ ಅನ್ಲಿಲ್ಲ. ಹಾಕಿದ್ದೆಲ್ಲ ಉಂಡು ಎದ್ದೋಗ್ತಿದ್ದ. ವಯಸ್ಸಾಯ್ತಾ ಆಯ್ತಾ ನನ್ ಕೈರುಚಿ ಸರಿಹೋಯ್ತು ಅನ್ಕಂಡೆ ಕಣೇ ಸುಗುಣ."

ಸುಗುಣನಿಗೆ ನಗು ಬಂತು. ನಗುವುದೋ ಬಿಡುವುದೋ ತಿಳಿಯದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಂಜ ಗೋಡೆಯ ಕಡೆ ತಿರುಗಿ ನಿಂತ.

ಅಷ್ಟರಲ್ಲಿ ಹೊರಗೆ ಬೈಕಿನ ಸದ್ದು. ಸುಗುಣ ಫೋನ್ ಮಾಡಿದ್ದಳಂತೆ. ಬೀರೂರಿನ ದಾರಿ ಹಿಡಿದಿದ್ದ ಅಯ್ಯನವರು ವಾಪಸು ತಿರುಗಿಸಿಕೊಂಡು ಬಂದಿದ್ದರು. ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತರು.

"ಒಳಗ್ ಬರಬೇಡಿ," ಅಂದ ಮಂಜ.

"ಬರ್ಲಿ ಬಿಡೋ. ಆಗೋದೆಲ್ಲ ಆಗೋಯ್ತಲ್ಲ," ಅಂದಳು ಅಕ್ಕ.

ಅವರು ಒಳಗೆ ಬಂದು ನೆಲದ ಮೇಲೆ ಕೂತರು. "ತಪ್ಪಾಯ್ತಮ್ಮ. ನಾನು ಕೇಳಬೇಕಿತ್ತು. ಕೇಳದೆ ಓದಿದೆ." ಅಷ್ಟೇ. ಒಳ್ಳೆಯದಕ್ಕೇ ಮಾಡಿದೆ ಎನ್ನಲಿಲ್ಲ. ದೇವರ ಚಿತ್ತ ಎನ್ನಲಿಲ್ಲ.

"ನನ್ ಹೆಸ್ರು ಯಾರು ಕೊಟ್ಟಿದ್ದು?"

ಅಯ್ಯನವರು ನೆಲ ನೋಡಿದರು. ಒಂದು ಕ್ಷಣ. ಎರಡು ಕ್ಷಣ. ಅವರು ಹೇಳುವುದಿಲ್ಲ ಎಂದು ನನಗೆ ಅರ್ಥವಾಯಿತು. ನಾನು ಸುಮ್ಮನಿದ್ದರೆ ಈ ತಪ್ಪು ಇಡಿಯಾಗಿ ಅವರದೇ ಆಗಿ ಉಳಿಯುತ್ತದೆ. ಮಂಜ ನಾಳೆ ಊರಲ್ಲಿ ಹಾಗೆಯೇ ಹೇಳುತ್ತಾನೆ. ಇವತ್ತಿನ ದಿನಗಳಲ್ಲಿ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಿಮಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಆ ಎರಡು ಕ್ಷಣ ನಾನು ಸುಮ್ಮನಿದ್ದೆ. ಕ್ಯಾನ್ಸರ್ ಎಂಬ ಪದಕ್ಕಿಂತ ಹೆಚ್ಚಾಗಿ ನನ್ನನ್ನು ಇವತ್ತಿಗೂ ನಡುಗಿಸುವುದು ಆ ಎರಡು ಕ್ಷಣ.

"ನಾನೇ," ಅಂದೆ.

ಅಕ್ಕ ನನ್ನನ್ನು ನೋಡಿದಳು. "ಬೀರೂರಿಗೆ ಹೇಳ್ದೆ. ತರೀಕೆರೆಗೆ ಹೇಳ್ದೆ. ನಾನಿರೋ ಊರ್ಗೂ ಹೇಳ್ದೆ. ನನ್ನೊಬ್ಳನ್ನ ಬಿಟ್ಟು."

ಅಯ್ಯನವರು ನೋಟ್‌ಬುಕ್ ತೆಗೆದರು. "ಹೆಸರು ತೆಗೆದುಬಿಡ್ತೀನಮ್ಮ," ಎಂದು ಪುಟ ತಿರುವಿ ಪೆನ್ನು ಊರಿದರು.

"ಯಾಕ್ ತೆಗೀತೀರ? ಕಾಯ್ಲೆ ಹೋಯ್ತಾ?"

ಪೆನ್ನು ಅಲ್ಲೇ ನಿಂತಿತು.

"ಏನಂತ ಬರ್ದಿದೀರ? ಓದಿ, ನಾನೂ ಕೇಳ್ತೀನಿ."

ಅವರು ಓದಿದರು. ಅಜ್ಜಂಪುರದ ಸರ್ವಮಂಗಳ, ಶಾಲೆಯ ಮಕ್ಕಳಿಗೆ ಅಡುಗೆ ಮಾಡುವವರು, ಕ್ಯಾನ್ಸರ್ ಕಾಯಿಲೆಯಲ್ಲಿದ್ದಾರೆ. ಸುಗುಣನ ತುಟಿಯಿಂದ ಅಭ್ಯಾಸಬಲದಿಂದ "ಕರ್ತನೇ, ಕರುಣಿಸು" ಎಂದು ಸಣ್ಣಗೆ ಬಂತು.

ಅಕ್ಕ ಬೆಳ್ಳುಳ್ಳಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅಳುತ್ತಾಳೆ ಅಂದುಕೊಂಡೆ. ಭಾವನ ಹಾಗೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಾಳೇನೋ ಎಂದೂ ಹೆದರಿದೆ. ಮಂಜನ ಮುಖದಲ್ಲೂ ಅದೇ ಭಯವಿತ್ತು.

"ಮುಂದಕ್ಕೆ ಬರ್ಕೊಳಿ," ಅಂದಳು. "ಆಪರೇಷನ್ ಮಾಡಿಸ್ಕೊತಾರೆ ಅಂತ. ಮಕ್ಕಳ ಅಡ್ಗೆ ಸುಗುಣ ನೋಡ್ಕೊತಾಳೆ, ಅವ್ಳಿಗೆ ಹುಳಿ ಹಾಕೋ ಅಳತೆ ಗೊತ್ತಿಲ್ಲ, ಅವ್ಳ್ ಹೆಸ್ರೂ ಸೇರಿಸ್ಕೊಳಿ."

ಅಯ್ಯನವರು ಬರೆದುಕೊಂಡರು. ಅಕ್ಷರ ತಪ್ಪಿತೇನೋ, ನಾನು ನೋಡಲಿಲ್ಲ.

ಮುಂದಿನ ವಾರದ ಗುರುವಾರಕ್ಕೆ ಬೆಡ್ ಗೊತ್ತಾಯಿತು. ಅದಕ್ಕೂ ಮೊದಲಿನ ಭಾನುವಾರ ಅಕ್ಕ ಎರಡು ಗಂಟೆಗೆ ಸುಗುಣನ ಜೊತೆ ಹೊರಟು ನಿಂತಳು. ಮಂಜ ಬೇಡ ಅಂದ. "ನನ್ ಹೆಸ್ರು ಹೋದ ಕಡೆ ನಾನು ಹೋಗ್ಬಾರ್ದಾ?" ಅಂದಳು. ನಾನೂ ಜೊತೆಗೆ ಹೋದೆ. ಒಂದು ಮನೆಯ ಹಾಲು, ಪ್ಲಾಸ್ಟಿಕ್ ಕುರ್ಚಿಗಳು, ಊಟದ ಮೇಜನ್ನೇ ಬಿಳಿ ಬಟ್ಟೆ ಹೊದಿಸಿ ಬಲಿಪೀಠ ಮಾಡಿದ್ದರು. ಪದ್ಧತಿಯಂತೆ ಹೊಸಬರನ್ನು ಎದ್ದು ನಿಲ್ಲಿಸಿದರು. ಅಕ್ಕ ಸೆರಗು ಸರಿಮಾಡಿಕೊಂಡು, "ಸರ್ವಮಂಗಳ. ಪಟ್ಟೀಲಿರೋಳು ನಾನೇ," ಅಂದಳು. ಜನ ತಿರುಗಿ ನೋಡಿದರು. ಆಮೇಲೆ ಒಬ್ಬೊಬ್ಬರೇ ಎದ್ದು ಬಂದು ಅವಳ ಕೈ ಹಿಡಿದು "ಸಮಾಧಾನ" ಎಂದರು. ಆರಾಧನೆಯ ಕ್ರಮದಲ್ಲಿ ಆ ಮಾತಿನ ಸರದಿ ಇನ್ನೂ ಮುಂದಿತ್ತು. ಅಯ್ಯನವರು ತಡೆಯಲಿಲ್ಲ. ಕಾಯಿಲೆಯ ಹೆಸರು ತನ್ನ ಕಿವಿಯ ಮೇಲೆ ಬಿದ್ದಾಗ ಅಕ್ಕ ನನ್ನ ಮುಂಗೈ ಹಿಡಿದುಕೊಂಡಳು. ಉಗುರು ನಾಟಿತು. ಅವರ ಧರ್ಮಕ್ಕೆ ಸೇರಿದವರಷ್ಟೇ ಪ್ರಸಾದದಂತೆ ತೆಗೆದುಕೊಳ್ಳುವ ರೊಟ್ಟಿ ದ್ರಾಕ್ಷಾರಸದ ಸರದಿ ಬಂದಾಗ ನಾವಿಬ್ಬರೂ ಕೂತೇ ಇದ್ದೆವು. ಯಾರೂ ಏನೂ ಅನ್ನಲಿಲ್ಲ.

ಅಂದಿನಿಂದ ಅವಳು ಅಲ್ಲಿಗೆ ಹೋಗಿಲ್ಲ. ಮನೆಯಲ್ಲಿ ಲಿಂಗಪೂಜೆ ಮಾಡಿಕೊಳ್ಳುತ್ತಾಳೆ. ಆದರೆ ಈಗ ತುಟಿ ಅಲ್ಲಾಡಿಸುವುದಿಲ್ಲ, ಬಾಯಿಬಿಟ್ಟು ಹೇಳುತ್ತಾಳೆ. ಪಕ್ಕದ ಮನೆಗೂ ಕೇಳಿಸುತ್ತದೆ.

ಆಪರೇಷನ್ ಆಯಿತು. ಕೀಮೋ ನಡೆಯುತ್ತಿದೆ. ಇನ್ನೊಂದಿಷ್ಟು ದಿನ ಮುಂಚೆ ಬಂದಿದ್ದರೆ ಒಳ್ಳೆಯದಿತ್ತು ಎಂದು ಡಾಕ್ಟರು ಹೇಳಿದರು. ಈ ಸಲ ಬಾಗಿಲು ಹಾಕಲಿಲ್ಲ. ಅಕ್ಕ ಕುರ್ಚಿಯಲ್ಲಿ, ನಾನೂ ಮಂಜನೂ ಅವಳ ಹಿಂದೆ ನಿಂತು ಕೇಳಿಸಿಕೊಂಡೆವು. ಆ ಮಾತಿಗೆ ಅವಳು ಹಿಂತಿರುಗಿ ನಮ್ಮನ್ನು ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.

ಅಯ್ಯನವರು ಶನಿವಾರ ಬರುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಅವರಿಗೆ ಗೊತ್ತೇ?" ಎಂದು ಕೆಂಪಿನಲ್ಲಿ ಬರೆದುಕೊಂಡಿದ್ದಾರೆ. ಹೆಸರು ಕೇಳುವ ಮುಂಚೆ ಈಗ ಅದನ್ನು ಕೇಳುತ್ತಾರಂತೆ. ಎಷ್ಟೋ ಜನ ಉತ್ತರ ಕೊಡದೆ ಎದ್ದು ಹೋಗುತ್ತಾರಂತೆ.

(ಈ ಬರಹವನ್ನು ಅಕ್ಕನಿಗೆ ಪೂರ್ತಿ ಓದಿ ಹೇಳಿ, ಅವಳು ಒಪ್ಪಿದ ಮೇಲೆಯೇ ಪತ್ರಿಕೆಗೆ ಕಳಿಸಿದ್ದೇನೆ. "ಹುಳಿ ಅಳತೆ ವಿಷ್ಯ ತೆಗ್ದಾಕು, ಸುಗುಣ ಬೇಜಾರ್ ಮಾಡ್ಕೊತಾಳೆ" ಅಂದಳು. ಸುಗುಣನನ್ನು ಕೇಳಿದೆ. ಇರಲಿ ಬಿಡಿ ಅಂದಳು.)

ಕಳೆದ ವಾರ ಅಜ್ಜಂಪುರಕ್ಕೆ ಹೋಗಿದ್ದೆ. ಅಕ್ಕ ಹಟ ಮಾಡಿ ತಾನೇ ಸಾರು ಮಾಡಿದ್ದಳು. ನಾಲಿಗೆಗೆ ರುಚಿಯೇ ಇಲ್ಲ ಅನ್ನುತ್ತಾಳೆ ಈಗ. ಬಡಿಸಿ, ನಮ್ಮಿಬ್ಬರ ಮುಖವನ್ನೂ ನೋಡುತ್ತ ಕೂತಳು. ಮಂಜ ಒಂದು ತುತ್ತು ಬಾಯಿಗಿಟ್ಟ. ನನ್ನನ್ನು ನೋಡಿದ. ಆಮೇಲೆ ಅವಳನ್ನು ನೋಡಿದ.

"ಉಪ್ಪು ಕಮ್ಮಿ ಕಣಮ್ಮ," ಅಂದ.

ನಿಮ್ಮ ಮನೆಯಲ್ಲಿ ಈಚೆಗೆ ನಿಮ್ಮ ಅಡುಗೆಗೆ ಯಾರೂ ತಕರಾರು ತೆಗೆಯುತ್ತಿಲ್ಲವೇ? ಯಾಕೆ ಅಂತ ಒಮ್ಮೆ ಕೇಳಿ ನೋಡಿ.